ಆಯಾಸ ಎಂದರೆ ಯಾವ ಆಯಾಸ?

ನಮ್ಮ ಗಡಿ ಸೀಮೆಯಲ್ಲಿ ಎಷ್ಟೋ ಮಾತುಗಳಿಗೆ ಎರಡು ಮನೆಗಳಿವೆ. ‘ಆಯಾಸ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಆಯಾಸವೆಂದರೆ ದಣಿವು, ಸುಸ್ತು. ಬೆಳಗಿನಿಂದ ಕಡಲೆಕಾಯಿ ಕಿತ್ತವರಿಗೆ ಸಂಜೆ ಆಗುವುದು ಆಯಾಸ. ತೆಲುಗಿನಲ್ಲಿ ‘ಆಯಾಸಂ’ ಎಂದರೆ ಹೆಚ್ಚಾಗಿ ಏದುಸಿರು, ಮೇಲುಸಿರು. ಪೆನುಕೊಂಡದ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತಿದವರಿಗೆ ಆಗುವುದು ಆಯಾಸಂ. ರೊಳ್ಳ, ಅಮರಾಪುರದ ಕಡೆಯ ಒಬ್ಬ ತಾಯಿ ಹಿಂದೂಪುರದ ತೆಲುಗು ವೈದ್ಯರ ಮುಂದೆ ಕೂತು, ‘ರಾತ್ರಿಯೆಲ್ಲಾ ಮಲಗಿದ್ರೂ ಬೆಳಗ್ಗೆ ಎದ್ರೆ ಆಯಾಸ ಸಾರ್’ ಎಂದರೆ, ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಟ್ಟು ಉಬ್ಬಸ ಇದೆಯೇ ಎಂದು ನೋಡುತ್ತಾರೆ. ಅದೇ ಪೆನುಕೊಂಡದ ತೆಲುಗು ಮನೆಯ ಯಜಮಾನರು ಬೆಂಗಳೂರಿನ ಕನ್ನಡ ವೈದ್ಯರ ಹತ್ತಿರ, ‘ರಾತ್ರಿ ಹೊತ್ತು ಆಯಾಸಂ’ ಎಂದರೆ, ಅವರು ಶಕ್ತಿ ಬರಲೆಂದು ಟಾನಿಕ್ ಬರೆಯುತ್ತಾರೆ. ಇಬ್ಬರು ವೈದ್ಯರೂ ತಪ್ಪು ಮಾಡಿಲ್ಲ. ಅವರು ಕೇಳಿಸಿಕೊಂಡದ್ದು ಅವರವರ ಭಾಷೆಯನ್ನು.

ನಾನಿಂದು ಹೇಳಹೊರಟಿರುವ ಕಾಯಿಲೆಯಲ್ಲಿ ಈ ಎರಡು ಆಯಾಸಗಳೂ ಇವೆ. ರಾತ್ರಿ ಉಸಿರು ಕಟ್ಟುತ್ತದೆ, ಹಗಲು ದಣಿವಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಆಪ್ನಿಯಾ ಎಂಬುದು ಗ್ರೀಕ್ ಮೂಲದ ಮಾತು. ಉಸಿರಿಲ್ಲದಿರುವುದು ಎಂದು ಅರ್ಥ. ಇದರ ಜೊತೆಗೇ ಇನ್ನೊಂದು ಸಂಗತಿ ಇದೆ, ಅದು ಆತಂಕ. ನಮ್ಮ ಕಡೆ ದಿಗಿಲು ಎನ್ನುತ್ತೇವೆ, ತೆಲುಗಿನವರು ದಿಗುಲು ಎನ್ನುತ್ತಾರೆ. ಈ ಮಾತಿನಲ್ಲಿ ಮಾತ್ರ ಜಗಳವಿಲ್ಲ, ಎರಡು ಮನೆಯಲ್ಲೂ ಅರ್ಥ ಒಂದೇ. ಈ ಎರಡು ಕಾಯಿಲೆಗಳು ಒಂದರ ವೇಷವನ್ನು ಇನ್ನೊಂದು ಹಾಕಿಕೊಂಡು ಬರುತ್ತವೆ. ಕೈಗೆ ಕಟ್ಟುವ ಗಡಿಯಾರ, ಬೆರಳಿಗೆ ತೊಡುವ ಉಂಗುರ ಇಂಥ ಸಣ್ಣ ಯಂತ್ರಗಳಿಂದ ಎರಡನ್ನೂ ಒಟ್ಟಿಗೆ ಹಿಡಿಯಬಹುದೇ ಎಂದು ವಿಜ್ಞಾನಿಗಳು ಈಗ ಪರೀಕ್ಷಿಸುತ್ತಿದ್ದಾರೆ. ಆ ವಿಚಾರವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಉಸಿರಿನ ಮಾತು. ಎಳನೀರಿಗೆ ಹಾಕಿದ ಮೆತ್ತನೆಯ ಕೊಳವೆಯನ್ನು ಜೋರಾಗಿ ಹೀರಿ ನೋಡಿ. ಕೊಳವೆಯ ಗೋಡೆಗಳು ಒಳಕ್ಕೆ ಅಂಟಿಕೊಳ್ಳುತ್ತವೆ, ಎಷ್ಟು ಎಳೆದರೂ ನೀರು ಬರುವುದಿಲ್ಲ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾದಾಗ ಕೆಲವರ ಗಂಟಲೂ ಹೀಗೆಯೇ ಅಂಟಿಕೊಳ್ಳುತ್ತದೆ. ಅರೆಬರೆ ಅಂಟಿಕೊಂಡರೆ ಗೊರಕೆ, ಪೂರ್ತಿ ಅಂಟಿಕೊಂಡರೆ ನಿಶ್ಶಬ್ದ. ಕನಿಷ್ಠ 10 ಸೆಕೆಂಡು ಗಾಳಿ ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಲೆಕ್ಕ ಹಾಕುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಬೆದರಿ ಎಚ್ಚರಗೊಳ್ಳುತ್ತದೆ, ಗಂಟಲು ತೆರೆದು ‘ಘರ್’ ಎಂದು ಉಸಿರು ನುಗ್ಗುತ್ತದೆ. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ, ಮರುಕ್ಷಣ ಮತ್ತೆ ನಿದ್ದೆ. ಗಾಳಿ ಪೂರ್ತಿ ನಿಂತದ್ದು, ಅರ್ಧ ನಿಂತದ್ದು ಎರಡನ್ನೂ ಸೇರಿಸಿ ಗಂಟೆಗೆ 5ಕ್ಕಿಂತ ಕಡಿಮೆ ಸಲ ಆದರೆ ಸಹಜ. 5ರಿಂದ 15 ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಬಂದು ಕತ್ತು ಹಿಸುಕಿ ಬಿಟ್ಟ ಹಾಗೆ. ಅಂಥ ರಾತ್ರಿ ಕಳೆದು ಎದ್ದವರಿಗೆ ಬೆಳಗ್ಗೆ ತಲೆನೋವು, ಬಾಯಿ ಒಣಗುವುದು, ಹಗಲೆಲ್ಲಾ ತೂಕಡಿಕೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದೂ ಇದರ ಲಕ್ಷಣವೇ. ನಮ್ಮಲ್ಲಿ ಅದನ್ನು ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ.

ಇದು ಅಪರೂಪದ ಕಾಯಿಲೆ ಎಂದು ತಿಳಿಯಬೇಡಿ. ದೆಹಲಿಯ ಏಮ್ಸ್ ಸಂಸ್ಥೆಯ ವೈದ್ಯರು ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲಾ ಒಟ್ಟು ಮಾಡಿ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಇದು ಇದೆ. ಗಂಡಸರಲ್ಲಿ 13, ಹೆಂಗಸರಲ್ಲಿ 5. ದುಡಿಯುವ ವಯಸ್ಸಿನವರೇ ಹತ್ತು ಕೋಟಿಗೂ ಹೆಚ್ಚು. ಇವರಲ್ಲಿ ಬಹುಪಾಲು ಮಂದಿಗೆ ತಮಗೆ ಕಾಯಿಲೆ ಇರುವುದೇ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಗೊರಕೆ ನಮಗೆ ನಗುವ ವಸ್ತು. ತೊಗಲುಗೊಂಬೆಯಾಟದಲ್ಲಿ ಕುಂಭಕರ್ಣನನ್ನು ಎಬ್ಬಿಸುವ ಪ್ರಸಂಗ ಬಂದರೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ನಕ್ಕವರೇ. ಗೊರಕೆ ಹೊಡೆದರೆ ಗಾಢ ನಿದ್ದೆ, ಪುಣ್ಯವಂತ ಎಂಬ ಮಾತೂ ಇದೆ. ನಿಜಕ್ಕೂ ಆ ಮನುಷ್ಯ ನಿದ್ದೆಯೇ ಮಾಡುತ್ತಿರುವುದಿಲ್ಲ.

ಈಗ ದಿಗಿಲಿನ ಮಾತಿಗೆ ಬರೋಣ. ನಡುರಾತ್ರಿ ಧಡಕ್ಕನೆ ಎಚ್ಚರ. ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಮೈ ಬೆವೆತಿದೆ, ಉಸಿರು ಸಾಲುತ್ತಿಲ್ಲ, ಈಗಲೇ ಪ್ರಾಣ ಹೋಗುತ್ತದೆ ಎಂಬ ಭಯ. ತೆಲುಗಿನವರು ‘ಗುಂಡೆ ದಡ’ ಎನ್ನುವುದು ಇದನ್ನೇ. ಇದು ಆತಂಕದ ಕಾಯಿಲೆಯಾಗಿರಬಹುದು. ನಿದ್ದೆಯಲ್ಲೂ ಗಾಬರಿಯ ದಾಳಿ ಬರುವುದುಂಟು. ಆದರೆ ಉಸಿರು ಕಟ್ಟಿ ಎದ್ದವರಿಗೂ ಇದೇ ಆಗುತ್ತದೆ. ಆಮ್ಲಜನಕ ಇಳಿದಾಗ ದೇಹ ಹೊರಡಿಸುವ ಅಪಾಯದ ಕೂಗು, ಹುಲಿ ಕಂಡಾಗ ಹೊರಡಿಸುವ ಕೂಗೇ. ಎರಡಕ್ಕೂ ಬೇರೆ ಬೇರೆ ಗಂಟೆಗಳನ್ನು ಪ್ರಕೃತಿ ಕಟ್ಟಿಲ್ಲ.

ಹೀಗಾಗಿ ಎರಡು ಬಗೆಯ ಅನ್ಯಾಯ ನಡೆಯುತ್ತದೆ. ಗಂಡಸು, ದಪ್ಪ ಕುತ್ತಿಗೆ, ಜೋರು ಗೊರಕೆ ಎಂದರೆ ವೈದ್ಯರಿಗೆ ಆಪ್ನಿಯಾ ನೆನಪಾಗುತ್ತದೆ. ಅವನ ಮನಸ್ಸಿನ ಕಳವಳವನ್ನು ಯಾರೂ ಕೇಳುವುದಿಲ್ಲ. ಹೆಂಗಸರದು ಇದಕ್ಕೆ ತಿರುಗುಮುರುಗು. ಆಪ್ನಿಯಾ ಇರುವ ಹೆಂಗಸರು ಗೊರಕೆಯನ್ನು ಹೇಳಿಕೊಳ್ಳುವುದು ಕಡಿಮೆ. ಅವರು ಹೇಳುವುದು ನಿದ್ದೆ ಬರುವುದಿಲ್ಲ, ಸುಸ್ತು, ತಲೆನೋವು, ಮನಸ್ಸಿಗೆ ಸಮಾಧಾನವಿಲ್ಲ ಎಂದು. ಜೊತೆಗೆ ಬಂದ ಅತ್ತೆಯೋ ಗಂಡನೋ, ‘ಇವಳಿಗೆ ಯೋಚನೆ ಜಾಸ್ತಿ ಸಾರ್’ ಎಂದು ಸೇರಿಸಿದರೆ ಆಯಿತು, ಚೀಟಿಯಲ್ಲಿ ನಿದ್ದೆ ಮಾತ್ರೆ ಬರುತ್ತದೆ. ಇಲ್ಲಿಯೇ ಅಪಾಯ. ಆಲ್ಪ್ರಜೋಲಾಮ್, ಡಯಾಜೆಪಾಮ್ ಜಾತಿಯ ಮಾತ್ರೆಗಳು ದಿಗಿಲನ್ನು ತಗ್ಗಿಸುತ್ತವೆ ನಿಜ, ಆದರೆ ಗಂಟಲ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಬಲ್ಲವು, ಮೆದುಳಿನ ಎಚ್ಚರಿಕೆಯನ್ನೂ ಮಂದ ಮಾಡಬಲ್ಲವು. ಕಟ್ಟಿದ ಉಸಿರು ತೆರೆಯುವುದು ತಡವಾಗುತ್ತದೆ. ಸಾರಾಯಿ ಮಾಡುವುದೂ ಇದನ್ನೇ. ಈ ಮಾತ್ರೆಗಳನ್ನು ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಕೊಡಕೂಡದು ಎಂದು ಕಾನೂನೇ ಇದೆ. ಅಂದಮಾತ್ರಕ್ಕೆ ಈಗಾಗಲೇ ನುಂಗುತ್ತಿರುವವರು ನನ್ನ ಮಾತು ಕೇಳಿ ನಾಳೆಯೇ ನಿಲ್ಲಿಸಿಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ಬೇರೆಯೇ ತೊಂದರೆ ಬರುತ್ತದೆ. ಬರೆದುಕೊಟ್ಟವರನ್ನೇ ಕೇಳಿ.

ಹಾಗಾದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಪೂರ್ಣ ಪರೀಕ್ಷೆಗೆ ಪಾಲಿಸೋಮ್ನೋಗ್ರಫಿ ಎಂದು ಹೆಸರು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇದಕ್ಕೆಂದೇ ನಿದ್ರೆಯ ಪ್ರಯೋಗಾಲಯವಿದೆ. ತಲೆಗೆ, ಕಣ್ಣಂಚಿಗೆ, ಗದ್ದಕ್ಕೆ, ಎದೆಗೆ, ಕಾಲಿಗೆ ತಂತಿಗಳು. ಮೂಗಿನ ಬಳಿ ಗಾಳಿ ಅಳೆಯುವ ನಳಿಕೆ. ಎದೆಗೂ ಹೊಟ್ಟೆಗೂ ಪಟ್ಟಿ. ಬೆರಳಿಗೆ ಆಮ್ಲಜನಕದ ಚಿಮಟ. ಇಷ್ಟನ್ನೂ ಹಾಕಿಕೊಂಡು ಪರಊರಿನ ಹಾಸಿಗೆಯಲ್ಲಿ ಮಲಗಬೇಕು. ಗಟ್ಟಿ ಮನಸ್ಸಿನವರಿಗೇ ಮೊದಲ ರಾತ್ರಿ ಅಲ್ಲಿ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಮೊದಲೇ ದಿಗಿಲು ಇರುವವರ ಗತಿ ಹೇಳಬೇಕಿಲ್ಲ. ಅದೂ ಅಲ್ಲದೆ ಉಸಿರು ಕಟ್ಟುವುದು ಪ್ರತಿ ರಾತ್ರಿ ಒಂದೇ ಸಮನೆ ಇರುವುದಿಲ್ಲ. ಅಂಗಾತ ಮಲಗಿದ ರಾತ್ರಿ, ಕುಡಿದ ರಾತ್ರಿ ಹೆಚ್ಚು. ಒಂದು ರಾತ್ರಿ ನೋಡಿ ತೀರ್ಮಾನ ಹೇಳುವುದು, ಒಂದು ದಿನದ ಮಳೆ ನೋಡಿ ಅನಂತಪುರ ಜಿಲ್ಲೆಯ ಬೆಳೆ ಹೇಳಿದ ಹಾಗೆ.

ಅದಕ್ಕೇ ಯಂತ್ರವನ್ನು ಮನೆಗೆ ತರುವ ಯೋಚನೆ ಬಂತು. ಇದು ಹೊಸದೇನಲ್ಲ. ಅಮೆರಿಕದ ನಾರ್ಮನ್ ಹೋಲ್ಟರ್ ಎಂಬ ವಿಜ್ಞಾನಿ 1940ರ ದಶಕದ ಕೊನೆಯಲ್ಲಿ ಓಡಾಡುವವನ ಹೃದಯ ಬಡಿತವನ್ನು ದೂರದಿಂದ ದಾಖಲಿಸುವ ಯಂತ್ರ ಮಾಡಿದರು. ಅದನ್ನು ಬೆನ್ನಿಗೆ ಹೊತ್ತು ನಡೆಯಬೇಕಿತ್ತು, ತೂಕ ಸುಮಾರು 38 ಕಿಲೋ! ಒಂದು ಒಳ್ಳೆಯ ಅಕ್ಕಿ ಮೂಟೆ. ಜಪಾನಿನ ತಕುವೊ ಅವೊಯಗಿ 1970ರ ದಶಕದಲ್ಲಿ ಬೆಳಕಿನಿಂದ ರಕ್ತದ ಆಮ್ಲಜನಕ ಅಳೆಯುವ ತತ್ತ್ವವನ್ನು ಕಂಡುಹಿಡಿದರು. 2020–21ರ ಕೊರೋನಾ ಕಾಲದಲ್ಲಿ ನಿಮ್ಮ ಆಶಾ ಕಾರ್ಯಕರ್ತೆ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಅದರ ಮೊಮ್ಮಗು. ಇಂದು ಕೈಗಡಿಯಾರದ ಹಿಂಭಾಗದಲ್ಲಿ ಮಿನುಗುವ ಹಸಿರು, ಕೆಂಪು ದೀಪಗಳು ಮಾಡುವ ಕೆಲಸವೂ ಅದೇ. ಚರ್ಮದ ಕೆಳಗೆ ರಕ್ತ ಉಕ್ಕಿದಾಗ ಬೆಳಕು ಹೆಚ್ಚು ಹೀರಲ್ಪಡುತ್ತದೆ, ಇಳಿದಾಗ ಕಡಿಮೆ. ಆ ಏರಿಳಿತದಿಂದ ನಾಡಿ ಲೆಕ್ಕ ಸಿಗುತ್ತದೆ. ಅಲುಗಾಟ ಅಳೆಯುವ ಇನ್ನೊಂದು ಪುಟ್ಟ ಭಾಗದಿಂದ ಮಲಗಿದ್ದೀರೋ ಹೊರಳುತ್ತಿದ್ದೀರೋ ತಿಳಿಯುತ್ತದೆ. ಕೆಲವು ಯಂತ್ರಗಳು ಚರ್ಮದ ಬೆವರನ್ನೂ ಅಳೆಯುತ್ತವೆ. ದಿಗಿಲಾದಾಗ ಅಂಗೈ ತೇವವಾಗುತ್ತದಲ್ಲ, ಆ ಲೆಕ್ಕ. ನಮ್ಮ ಪಕ್ಕದ ಬೆಂಗಳೂರಿನಲ್ಲೇ ಅಲ್ಟ್ರಾಹ್ಯೂಮನ್ ಎಂಬ ಕಂಪನಿ ನಿದ್ದೆ ಅಳೆಯುವ ಉಂಗುರವನ್ನು ತಂದಿದೆ. 2015ರಲ್ಲಿ ಹುಟ್ಟಿದ ಡೋಜೀ ಎಂಬ ಇನ್ನೊಂದು ಕಂಪನಿ ಮೈಗೆ ಏನನ್ನೂ ಕಟ್ಟದೆ, ಹಾಸಿಗೆಯ ಕೆಳಗೆ ಹಾಸುವ ಹಾಳೆಯಿಂದ ಎದೆಬಡಿತ, ಉಸಿರುಗಳ ಸೂಕ್ಷ್ಮ ಕಂಪನವನ್ನು ಹಿಡಿಯುತ್ತದೆ, ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಇಂಥ ಯಂತ್ರದಿಂದ ಎರಡೂ ಕಾಯಿಲೆಗಳನ್ನು ಒಟ್ಟಿಗೆ ಅಭ್ಯಾಸ ಮಾಡುವ ಬಗೆ ಹೀಗೆ. ಒಬ್ಬರ ಕೈಗೆ ವಾರಗಟ್ಟಲೆ ಯಂತ್ರ ಕಟ್ಟುತ್ತಾರೆ. ಎದೆಬಡಿತ, ಆಮ್ಲಜನಕ, ಅಲುಗಾಟ ಎಲ್ಲವೂ ಒಂದೇ ಗಡಿಯಾರದ ಮುಳ್ಳಿಗೆ ಜೋಡಿಸಿ ದಾಖಲಾಗುತ್ತವೆ. ಹಗಲು ಹೊತ್ತು, ಮನಸ್ಸು ಹೇಗಿದೆ ಎಂದು ಫೋನಿನಲ್ಲಿ ಎರಡು ಮೂರು ಸಲ ಕೇಳುತ್ತಾರೆ. ಆತಂಕವನ್ನು ಅಳೆಯಲು 2006ರಿಂದ ಬಳಕೆಯಲ್ಲಿರುವ ಏಳು ಪ್ರಶ್ನೆಗಳ ಪಟ್ಟಿಯೊಂದಿದೆ, ಅದನ್ನೂ ಕೊಡುತ್ತಾರೆ. ಆಮೇಲೆ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡುತ್ತಾರೆ. ಉಸಿರು ಕಟ್ಟಿದಾಗ ಎದೆಬಡಿತ ಸಾಮಾನ್ಯವಾಗಿ ಮೊದಲು ನಿಧಾನವಾಗಿ, ಉಸಿರು ಬಿಟ್ಟ ಕೂಡಲೇ ಏರುತ್ತದೆ. ಮತ್ತೆ ನಿಧಾನ, ಮತ್ತೆ ಏರು. ಏತದ ಬಾನಿ ಇಳಿದು ಏರಿದ ಹಾಗೆ ಸಾಲುಸಾಲಾಗಿ ಬರುತ್ತದೆ, ಜೊತೆಗೇ ಆಮ್ಲಜನಕದ ಗೆರೆಯೂ ತಗ್ಗುತ್ತದೆ. ಗಾಬರಿಯ ದಾಳಿಯಲ್ಲಾದರೆ ಬಡಿತ ಒಮ್ಮೆಗೇ ಏರಿ ಹಲವು ನಿಮಿಷ ಅಲ್ಲೇ ನಿಂತು ಮೆಲ್ಲಗೆ ಇಳಿಯುತ್ತದೆ. ಆಮ್ಲಜನಕ ತಗ್ಗುವುದಿಲ್ಲ. ಎದ್ದವರಿಗೆ ಬಹಳ ಹೊತ್ತು ನಿದ್ದೆ ಹತ್ತುವುದಿಲ್ಲ, ಬೆಳಗ್ಗೆ ಎಲ್ಲಾ ನೆನಪಿರುತ್ತದೆ. ಹೊತ್ತಿನಲ್ಲೂ ಸ್ವಲ್ಪ ವ್ಯತ್ಯಾಸವಿದೆ. ನಿದ್ದೆಯಲ್ಲಿ ಬರುವ ಗಾಬರಿ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ ಬರುತ್ತದೆ. ಉಸಿರು ಕಟ್ಟುವುದು ಹಲವರಲ್ಲಿ ಕನಸು ಹೆಚ್ಚಾಗಿ ಬೀಳುವ ಬೆಳಗಿನ ಜಾವಕ್ಕೆ ಬಲಿಯುತ್ತದೆ.

ಎರಡೂ ಇರುವವರೂ ಇದ್ದಾರೆ, ಅಂಥವರೇ ಕಷ್ಟದವರು. ನಿನ್ನೆ ರಾತ್ರಿ ಉಸಿರು ಹೆಚ್ಚು ಕಟ್ಟಿತೆಂದು ಇಂದು ದಿಗಿಲು ಹೆಚ್ಚಾಯಿತೇ? ಇಲ್ಲ, ಇಂದಿನ ದಿಗಿಲಿನಿಂದ ರಾತ್ರಿಯ ನಿದ್ದೆ ಹರಿದುಹೋಯಿತೇ? ಆಸ್ಪತ್ರೆಯ ಒಂದು ರಾತ್ರಿಯ ಪರೀಕ್ಷೆಯಿಂದ ಇದಕ್ಕೆ ಉತ್ತರ ಸಿಗದು. ಮೂವತ್ತು ರಾತ್ರಿ, ಮೂವತ್ತು ಹಗಲು ಪಕ್ಕಪಕ್ಕದಲ್ಲಿಟ್ಟರೆ ಮಾತ್ರ ಯಾವುದು ಮುಂದೆ ನಡೆಯಿತು, ಯಾವುದು ಹಿಂದೆ ಬಂತು ಎಂಬುದು ಕಾಣುತ್ತದೆ. ನನ್ನ ಮಟ್ಟಿಗೆ ಈ ಯಂತ್ರಗಳ ನಿಜವಾದ ಉಪಯೋಗ ಇದು. ಒಂದು ರಾತ್ರಿಯ ಅಂಕಿಯಲ್ಲಿ ಅವು ಆಸ್ಪತ್ರೆಯ ಯಂತ್ರಕ್ಕೆ ಸಮನಲ್ಲ.

ಸಮನಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಹುಡುಗರು ಸಂತೆಯಲ್ಲೂ ಫೋನಿನಲ್ಲೂ ಅಗ್ಗದ ಗಡಿಯಾರಗಳನ್ನು ಕೊಳ್ಳುತ್ತಿದ್ದಾರೆ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲು ಸ್ಯಾಮ್ಸಂಗ್, ಆಮೇಲೆ ಆಪಲ್ ಗಡಿಯಾರಗಳ ಆಪ್ನಿಯಾ ಎಚ್ಚರಿಕೆಗೆ ಒಪ್ಪಿಗೆ ಕೊಟ್ಟಿತು. ಎಚ್ಚರಿಕೆಗೆ ಮಾತ್ರ, ರೋಗ ನಿರ್ಣಯಕ್ಕಲ್ಲ. ಆಪಲ್ ಕಂಪನಿಯೇ ಪ್ರಕಟಿಸಿದ ಲೆಕ್ಕದಂತೆ, ಮಧ್ಯಮ ಅಥವಾ ತೀವ್ರ ಕಾಯಿಲೆ ಇದ್ದವರಲ್ಲಿ ಮೂವರಿಗೆ ಸುಮಾರು ಇಬ್ಬರನ್ನು ಅದು ಗುರುತಿಸಿತು. ಇಲ್ಲದವರಿಗೆ ಇದೆ ಎಂದು ಹೇಳಿದ್ದು ಬಹಳ ಕಡಿಮೆ. ಎಂದರೆ ಗಡಿಯಾರ ‘ಇದೆ’ ಎಂದರೆ ವೈದ್ಯರ ಬಳಿ ಹೋಗಿ, ಸುಮ್ಮನಿದ್ದರೆ ‘ಇಲ್ಲ’ ಎಂದು ನಂಬಬೇಡಿ. ಇನ್ನು ಅಗ್ಗದ ಪಟ್ಟಿಗಳ ಕಥೆಯೇ ಬೇರೆ. 2018ರಲ್ಲಿ ಚೀನಾದಲ್ಲಿ ಕೆಲವರು ಇಂಥ ಪಟ್ಟಿಯನ್ನು ಕಾಗದದ ಸುರುಳಿಗೆ ಕಟ್ಟಿ ನೋಡಿದರೆ, ಕಾಗದಕ್ಕೂ ನಾಡಿ ಇದೆ ಎಂದು ತೋರಿಸಿತು!

ಇನ್ನೊಂದು ಮಾತು ನಮ್ಮಂಥ ಮೈಬಣ್ಣದವರಿಗೆ. 2020ರಲ್ಲಿ ಅಮೆರಿಕದ ವೈದ್ಯರು, ಕಪ್ಪು ಚರ್ಮದ ರೋಗಿಗಳಲ್ಲಿ ಬೆರಳಿನ ಆಕ್ಸಿಮೀಟರ್ ಆಮ್ಲಜನಕದ ಕೊರತೆಯನ್ನು ಕಾಣದೆ ಹೋದದ್ದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು ತೋರಿಸಿದರು. ಬಿಸಿಲಲ್ಲಿ ದುಡಿಯುವವರ ಕೈಯಲ್ಲಿ ಬೆಳಕಿನ ಯಂತ್ರ ಹೇಗೆ ಓದುತ್ತದೆ ಎಂಬುದನ್ನು ಬಿಸಿಲಲ್ಲಿ ದುಡಿಯುವವರ ಕೈಗೇ ಕಟ್ಟಿ ನೋಡಬೇಕು. ಆತಂಕದ ಅಂಕಿಯೂ ಅಷ್ಟೆ. ಗಡಿಯಾರ ‘ಒತ್ತಡ’ ಎಂದು ತೋರಿಸುವುದು ಬಡಿತದ ಲಯವನ್ನು ನೋಡಿ. ಮಗಳ ಮದುವೆಯ ಸಂತೋಷಕ್ಕೂ ಸಾಲಗಾರನ ಭಯಕ್ಕೂ ಎದೆ ಹೊಡೆದುಕೊಳ್ಳುತ್ತದೆ. ಯಾವುದಕ್ಕೆ ಎಂದು ನೀವೇ ಹೇಳಬೇಕು, ಯಂತ್ರ ಹೇಳಲಾರದು.

ಯಂತ್ರದಿಂದಲೇ ದಿಗಿಲು ಹತ್ತಿಸಿಕೊಂಡವರೂ ಇದ್ದಾರೆ. ನಿದ್ದೆಯ ಅಂಕಿ ಕಡಿಮೆ ಬಂತೆಂದು ಚಿಂತಿಸಿ ನಿದ್ದೆಗೆಟ್ಟವರನ್ನು ಕಂಡು ಅಮೆರಿಕದ ಸಂಶೋಧಕರು 2017ರಲ್ಲಿ ಅದಕ್ಕೆ ‘ಆರ್ಥೋಸಾಮ್ನಿಯಾ’ ಎಂದು ಹೆಸರೇ ಇಟ್ಟರು. ಮೊದಲೇ ಆತಂಕದ ಸ್ವಭಾವದವರು ಬೆಳಗ್ಗೆ ಎದ್ದ ಕೂಡಲೇ ಅಂಕಿ ನೋಡುವ ಅಭ್ಯಾಸ ಬಿಡಬೇಕು. ಯಂತ್ರ ಕಟ್ಟಿಕೊಂಡಿರಿ, ವಾರಕ್ಕೊಮ್ಮೆ ಮನೆಯವರು ನೋಡಲಿ.

ಯಂತ್ರ ಇಲ್ಲದವರು ಏನು ಮಾಡಬೇಕು? ಪಕ್ಕದಲ್ಲಿ ಮಲಗುವವರಿಗಿಂತ ಒಳ್ಳೆಯ ಯಂತ್ರ ಇನ್ನೂ ಹಳ್ಳಿಗೆ ಬಂದಿಲ್ಲ. ಒಂದು ರಾತ್ರಿ ಯಜಮಾನರ ಪಕ್ಕ ಎಚ್ಚರವಿದ್ದು ನೋಡಿ. ಗೊರಕೆ ನಡುವೆ ನಿಲ್ಲುತ್ತದೆಯೇ? ನಿಂತಾಗ ಹೊಟ್ಟೆ ಏರಿಳಿಯುತ್ತಿದ್ದು ಮೂಗಿನಲ್ಲಿ ಗಾಳಿ ಇಲ್ಲವೇ? ಹತ್ತು ಎಣಿಸುವಷ್ಟು ಹೊತ್ತು ಹೀಗಾದರೆ ಅದನ್ನು ಫೋನಿನಲ್ಲಿ ಐದು ನಿಮಿಷ ಚಿತ್ರ ತೆಗೆದಿಟ್ಟುಕೊಳ್ಳಿ, ವೈದ್ಯರಿಗೆ ತೋರಿಸಿ. ಇದಕ್ಕೆ ಕನ್ನಡವೂ ಬೇಡ, ತೆಲುಗೂ ಬೇಡ. ದರ್ಜಿಯ ಟೇಪಿನಿಂದ ಕುತ್ತಿಗೆ ಅಳೆಯಿರಿ. 40 ಸೆಂಟಿಮೀಟರ್, ಅಂದರೆ ಹದಿನಾರು ಅಂಗುಲದ ಹತ್ತಿರ ದಾಟಿದರೆ ಅನುಮಾನ ಹೆಚ್ಚು. ರಕ್ತದೊತ್ತಡ, ಐವತ್ತು ದಾಟಿದ ವಯಸ್ಸು, ಹಗಲು ತೂಕಡಿಕೆ ಇವೂ ಲೆಕ್ಕಕ್ಕೆ ಬರುತ್ತವೆ. ಸಣಕಲು ಮೈಯವರಿಗೆ ಬರುವುದಿಲ್ಲ ಎಂದೇನಿಲ್ಲ, ಗದ್ದದ ಮೂಳೆ ಹಿಂದಕ್ಕೆ ಸರಿದಿದ್ದರೂ ಗಂಟಲು ಇಕ್ಕಟ್ಟಾಗುತ್ತದೆ.

ತೂಕಡಿಕೆಯ ಮಾತು ಬಂದದ್ದರಿಂದ ಹೇಳುತ್ತೇನೆ. 44ನೇ ರಾಷ್ಟ್ರೀಯ ಹೆದ್ದಾರಿ ನಮ್ಮ ಪೆನುಕೊಂಡದ ಬಳಿಯೇ ಹಾದುಹೋಗುತ್ತದೆ. 2019ರಿಂದ ಎರ್ರಮಂಚಿಯ ಕಿಯಾ ಕಾರ್ಖಾನೆಯಲ್ಲಿ ಕಾರುಗಳು ತಯಾರಾಗುತ್ತಿವೆ. ರಾತ್ರಿ ಪಾಳಿಯವರು, ಲಾರಿ ಓಡಿಸುವವರು, ಟಮೋಟ ಹೇರಿಕೊಂಡು ಬೆಳಗಿನ ಜಾವ ಮಾರುಕಟ್ಟೆಗೆ ಹೊರಡುವವರು ನಮ್ಮಲ್ಲಿ ಮನೆಗೊಬ್ಬರಂತೆ ಇದ್ದಾರೆ. ಚಾಲಕನಿಗೆ ಆಪ್ನಿಯಾ ಇದ್ದರೆ ಅಪಘಾತದ ಸಂಭವ ಹೆಚ್ಚು ಎಂಬುದು ಹಲವು ದೇಶಗಳಲ್ಲಿ ಕಂಡ ಸತ್ಯ. ಎಂಟು ಗಂಟೆ ಮಲಗಿ ಎದ್ದೂ ಸ್ಟೀರಿಂಗ್ ಮೇಲೆ ಕಣ್ಣು ಮುಚ್ಚುತ್ತಿದ್ದರೆ, ಟೀ ಕುಡಿದು, ಮುಖಕ್ಕೆ ನೀರು ಎರಚಿಕೊಂಡು ಮುಂದೆ ಹೋಗುವುದಲ್ಲ, ಪರೀಕ್ಷೆ ಮಾಡಿಸಬೇಕು. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಡುವವರು ಬಹಳ ಮಂದಿ. ಚಿಕಿತ್ಸೆ ಇರುವ ಕಾಯಿಲೆ ಇದು ಎಂಬುದು ಅವರ ಕಿವಿಗೆ ಬೀಳಲಿ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಸಿಪ್ಯಾಪ್. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಇದನ್ನು ಪ್ರಕಟಿಸಿದರು. ಮೂಗಿಗೆ ಮುಖವಾಡ ಹಾಕಿ ಸಣ್ಣ ಒತ್ತಡದಲ್ಲಿ ಗಾಳಿ ಊದಿ ಗಂಟಲನ್ನು ತೆರೆದಿಡುವ ಯಂತ್ರ. ಬೆಲೆ ಹತ್ತಾರು ಸಾವಿರ ರೂಪಾಯಿ, ರಾತ್ರಿಯೆಲ್ಲಾ ವಿದ್ಯುತ್ ಬೇಕು, ಕರೆಂಟ್ ಹೋದರೆ ನಿಲ್ಲುತ್ತದೆ. ಇವು ಹಳ್ಳಿಯಲ್ಲಿ ಸಣ್ಣ ತೊಡಕುಗಳಲ್ಲ. ಸೌಮ್ಯ ಕಾಯಿಲೆಯವರಿಗೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಕುಡಿತ ಬಿಡುವುದು ಇವುಗಳಿಂದಲೂ ಗುಣ ಕಾಣುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 25 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆಸ್ಟ್ರೇಲಿಯಾದ ಆದಿವಾಸಿಗಳ ಡಿಜರಿಡೂ ಎಂಬ ಉದ್ದ ಕೊಳವೆಯ ವಾದ್ಯವನ್ನು ದಿನಾ ಊದಿದವರಿಗೆ ಆಪ್ನಿಯಾ ಕಡಿಮೆಯಾಯಿತು. ಓಲಗದವರು ಕೇಳಿಸಿಕೊಂಡರೆ ಸಂತೋಷಪಟ್ಟಾರು.

ದಿಗಿಲಿನವರಿಗೆ ಸಿಪ್ಯಾಪ್ ಮುಖವಾಡವೇ ಒಂದು ದಿಗಿಲು. ಮೂಗು ಮುಚ್ಚಿದ ಕೂಡಲೇ ಕಿತ್ತೆಸೆಯುತ್ತಾರೆ. ಇಂಥವರಿಗೆ ಮೊದಲ ದಿನವೇ ರಾತ್ರಿ ಹಾಕಬೇಡಿ. ಹಗಲು ಎಚ್ಚರವಾಗಿ ಕೂತು, ಟೀವಿ ನೋಡುತ್ತಾ ಹತ್ತು ನಿಮಿಷ ಮುಖಕ್ಕೆ ಹಿಡಿದುಕೊಳ್ಳಲಿ, ಮರುದಿನ ಪಟ್ಟಿ ಕಟ್ಟಿಕೊಳ್ಳಲಿ, ಆಮೇಲೆ ಗಾಳಿ ಹಾಕಿಕೊಂಡು ಕೂರಲಿ, ಒಂದೆರಡು ವಾರದ ಮೇಲೆ ಮಲಗಲಿ. ಆತಂಕದ ಬಗ್ಗೆ ಮಾತಾಡಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಖರ್ಚಿಲ್ಲದ ಕರೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಕರೆ ಮಾಡಿದಾಗ ಮನಸ್ಸಿನ ಸಂಕಟದ ಜೊತೆಗೆ ಗೊರಕೆಯ ವಿಷಯವನ್ನೂ, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂಬುದನ್ನೂ, ನುಂಗುತ್ತಿರುವ ಮಾತ್ರೆಯ ಹೆಸರನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.